ಎರಡು ವರ್ಷ ಹೇಳದ ಮಾತು

ಮೂಡಲಗಿಯಲ್ಲಿ ಚನ್ನವ್ವ ಟೀಚರ್ ಇದ್ದ ಮನೆಯ ಅಡುಗೆಕಟ್ಟೆಯ ಮೇಲೆ ಒಂದು ಅಳತೆಯ ಬಾಟಲಿ ಇತ್ತು. ಬೆಳಿಗ್ಗೆ ಎದ್ದವಳೇ ಅದಕ್ಕೆ ಆರುನೂರು ಮಿಲಿಲೀಟರು ನೀರು ತುಂಬಿ ಮುಚ್ಚಳ ಹಾಕುತ್ತಿದ್ದಳು. ಇಡೀ ದಿನಕ್ಕೆ ಅಷ್ಟೇ. ಚಹಾ ಆದರೂ ಅದರಲ್ಲೇ, ಗುಳಿಗೆ ನುಂಗುವ ಗುಟುಕಾದರೂ ಅದರಲ್ಲೇ, ಲಿಂಗಪೂಜೆ ಮುಗಿಸಿ ಅಂಗೈಯಲ್ಲಿ ತೆಗೆದುಕೊಳ್ಳುವ ಪಾದೋದಕವಾದರೂ ಅದರಲ್ಲೇ. ಮಧ್ಯಾಹ್ನ ಒಂದು ಸೌಟು ಸಾರು ಉಂಡರೆ ಬಾಟಲಿಯಿಂದ ಒಂದು ಸೌಟು ನೀರನ್ನು ಹಿತ್ತಲ ಕರಿಬೇವಿನ ಬುಡಕ್ಕೆ ಸುರಿದು ಲೆಕ್ಕ ಸರಿಮಾಡುತ್ತಿದ್ದಳು. ಕಾಯಿಪಲ್ಲೆಯನ್ನು ಕುದಿಸಿ, ಬಸಿದು, ಆ ನೀರನ್ನೂ ಚೆಲ್ಲುತ್ತಿದ್ದಳು. ಆಮೇಲೆ ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದಳು. ನಿನ್ನೆಗಿಂತ ಒಂದು ಕಿಲೋ ಹೆಚ್ಚಾಗಿದ್ದರೆ ಅದು ಮೈಯಲ್ಲಿ ನಿಂತ ಒಂದು ಲೀಟರು ನೀರು. ಅದನ್ನು ಹೊರಗೆ ಕಳಿಸುವ ದಾರಿ ಅವಳ ಮೈಗೆ ಇರಲಿಲ್ಲ.

ಎರಡು ವರ್ಷದ ಹಿಂದೆ, ಐವತ್ತೆರಡನೆಯ ವಯಸ್ಸಿನಲ್ಲಿ, ಅವಳ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ಬುಧವಾರ ಮತ್ತು ಶನಿವಾರ ಗೋಕಾಕದ ಒಂದು ಆಸ್ಪತ್ರೆಗೆ ಹೋಗಿ, ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ, ರಕ್ತ ತೊಳೆಸಿಕೊಂಡು ಸಂಜೆಯ ಬಸ್ಸಿಗೆ ತಿರುಗಿ ಬರುತ್ತಿದ್ದಳು. ಉಳಿದ ದಿನ ಶಾಲೆ. ಮೂವತ್ತು ವರ್ಷದಿಂದ ಅದೇ ಊರಿನ ಪ್ರೌಢಶಾಲೆಯಲ್ಲಿ ಅವಳು ವಿಜ್ಞಾನ ಕಲಿಸುತ್ತಿದ್ದಳು.

ಮೂತ್ರಪಿಂಡವೆಂದರೆ ಚಹಾ ಸೋಸುವ ಜರಡಿ ಎಂದು ಹೇಳಿಕೊಡುವ ಮಾಸ್ತರರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅವಳು ಮುಂದಿನ ಬೆಂಚಿನ ಹುಡುಗಿಯೊಬ್ಬಳ ಪಾಟಿಚೀಲ ತೆಗೆದುಕೊಂಡು ಮೇಜಿನ ಮೇಲೆ ಬೋರಲು ಸುರಿಯುತ್ತಿದ್ದಳು. ಪುಸ್ತಕ, ಕಂಪಾಸು, ರಿಬ್ಬನ್ನು, ಮುರಿದ ಪೆನ್ನು, ಶೇಂಗಾದ ಸಿಪ್ಪೆ. ಈಗ ಬೇಕಾದದ್ದನ್ನು ಮಾತ್ರ ಒಂದೊಂದಾಗಿ ಒಳಗೆ ಇಡು ಎನ್ನುತ್ತಿದ್ದಳು. ಕೊನೆಗೆ ಮೇಜಿನ ಮೇಲೆ ಸಿಪ್ಪೆ ಉಳಿಯುತ್ತಿತ್ತು. ಮೂತ್ರಪಿಂಡ ಮಾಡುವುದು ಇದನ್ನೇ. ದಿನಕ್ಕೆ ನೂರ ಎಂಬತ್ತು ಲೀಟರನ್ನು ರಕ್ತದಿಂದ ಹೊರಗೆ ಸುರಿದು, ಒಂದೂವರೆ ಲೀಟರು ಬಿಟ್ಟು ಉಳಿದದ್ದನ್ನೆಲ್ಲ ಆರಿಸಿ ಮರಳಿ ತೆಗೆದುಕೊಳ್ಳುತ್ತದೆ. ಎಷ್ಟು ನೀರು ಬೇಕು, ಎಷ್ಟು ಉಪ್ಪು ಸಾಕು, ರಕ್ತದ ಒತ್ತಡ ಎಲ್ಲಿ ನಿಲ್ಲಬೇಕು ಎಂದು ಗಳಿಗೆ ಗಳಿಗೆಗೂ ನೋಡುತ್ತದೆ. ಹೊರಗೆ ಬಿಸಿಲಿರಲಿ, ಚಳಿಯಿರಲಿ, ಹೋಳಿಗೆಯ ಊಟವಿರಲಿ, ಉಪವಾಸವಿರಲಿ, ಒಳಗಿನ ರಕ್ತ ನಿನ್ನೆ ಇದ್ದಂತೆಯೇ ಇಂದೂ ಇರಬೇಕು. ಇದಕ್ಕೆ ಸಮಸ್ಥಿತಿ ಎಂದು ಹೆಸರು ಎಂದು ಹೇಳಿ, ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಕೆಳಗೆ ಗೆರೆ ಎಳೆಯುತ್ತಿದ್ದಳು. ಮೈಯ ಒಡತಿಗೆ ಸುದ್ದಿಯೇ ಇಲ್ಲದೆ ಅರ್ಧ ಶತಮಾನ ನಡೆದ ಆ ಕೆಲಸವನ್ನು ಈಗ ಅವಳು ಬಾಟಲಿ, ಸೌಟು, ತೂಕದ ಯಂತ್ರ ಹಿಡಿದು ಕೈಯಾರೆ ಮಾಡಬೇಕಾಗಿತ್ತು. ಎಷ್ಟು ಮಾಡಿದರೂ ಮೈ ಮಾಡುತ್ತಿದ್ದಷ್ಟು ನಿಖರವಾಗುತ್ತಿರಲಿಲ್ಲ.

ಕಾಯಿಲೆಗಿಂತ ಹೆಚ್ಚಾಗಿ ಅವಳನ್ನು ಒಂಟಿಮಾಡಿದ್ದು ಈ ನೀರು. ಆ ಸೀಮೆಯಲ್ಲಿ ಮನೆಗೆ ಬಂದವರ ಕೈಗೆ ಮೊದಲು ಒಂದು ತಂಬಿಗೆ ನೀರು ಬರುತ್ತದೆ, ಜೊತೆಗೆ ಒಂದು ಚೂರು ಬೆಲ್ಲ. ಆಮೇಲೆ ಚಹಾ. ನೀರು ಬೇಡವೆಂದರೆ ಆ ಮನೆಯೇ ಬೇಡವೆಂದ ಹಾಗೆ. ಮೊದಲ ತಿಂಗಳುಗಳಲ್ಲಿ ಅವಳು ಪ್ರತಿ ಮನೆಯಲ್ಲೂ ಕಾರಣ ವಿವರಿಸಿದಳು. ಒಂದು ಗುಟುಕಿಗೆ ಏನಾಗುತ್ತದೆ ಎಂದು ಪ್ರತಿ ಮನೆಯಲ್ಲೂ ಕೇಳಿದರು. ನಾಲ್ಕು ಮನೆಯ ನಾಲ್ಕು ಗುಟುಕು ಸೇರಿದರೆ ಏನಾಗುತ್ತದೆ ಎಂಬುದನ್ನು ಅವಳು ಒಮ್ಮೆ ಶನಿವಾರದವರೆಗೆ ಉಸಿರಿಗೆ ಒದ್ದಾಡಿ ತಿಳಿದುಕೊಂಡಿದ್ದಳು. ನೋಡಲು ಬಂದವರು ಎಳನೀರು ತಂದರು. ಎಳನೀರಿನಲ್ಲಿರುವ ಪೊಟ್ಯಾಸಿಯಂ ತನ್ನಂಥವರ ಎದೆಬಡಿತವನ್ನೇ ನಿಲ್ಲಿಸಬಹುದು ಎಂದು ಹೇಳಿದಾಗ ಅವರು ಮುಖ ಮುಖ ನೋಡಿಕೊಂಡರು. ಜನ ಕೆಟ್ಟವರಾಗಿರಲಿಲ್ಲ. ಬೇರೇನು ಕೊಡಬೇಕೆಂದು ತಿಳಿಯದೆ ಬರುವುದನ್ನು ಬಿಟ್ಟರು. ಅವಳೂ ಹೋಗುವುದನ್ನು ಬಿಟ್ಟಳು. ಎರಡನೆಯ ವರ್ಷದ ಹೊತ್ತಿಗೆ ಲಗ್ನಪತ್ರಿಕೆಗಳು ಅವಳ ಬಾಗಿಲ ಸಂದಿಯಲ್ಲಿ ಸಿಕ್ಕಿರುತ್ತಿದ್ದವು. ತಂದವರು ಬಾಗಿಲು ಬಡಿದಿರುತ್ತಿರಲಿಲ್ಲ.

ಅವಳ ತಂದೆ ಗುರುಲಿಂಗಪ್ಪ ಮೂಡಲಗಿಯ ಕಾಳಿನ ಅಡತಿ ಅಂಗಡಿಯೊಂದರಲ್ಲಿ ದಿವಾನಜಿಯಾಗಿ ಲೆಕ್ಕ ಬರೆಯುತ್ತಿದ್ದವನು. ತಾಯಿ ನಲವತ್ತಾರಕ್ಕೆ ತೀರಿಕೊಂಡಳು. ಮೈ ಬಾತು ಸತ್ತಳು ಎಂದು ಜನ ಹೇಳಿದರು, ಮನೆಯವರೂ ಹಾಗೆಯೇ ಹೇಳಿಕೊಂಡರು. ಆಗ ಚನ್ನವ್ವನಿಗೆ ಇಪ್ಪತ್ತೆರಡು, ತಮ್ಮ ಮಲ್ಲೇಶನಿಗೆ ಹದಿನಾಲ್ಕು. ಎರಡು ವರ್ಷದಲ್ಲಿ ಅವಳಿಗೆ ನೌಕರಿ ಸಿಕ್ಕಿತು. ಮದುವೆಯ ಮಾತು ಎರಡು ಸಲ ಬಂದು ಹೋಯಿತು. ತಮ್ಮನಿಗಾಗಿ ಬಿಟ್ಟಳು ಎಂದು ಊರು ಹೇಳುತ್ತಿತ್ತು. ಖರೆ ಹೇಳಬೇಕೆಂದರೆ ಅವಳಿಗೆ ಅದರ ಹಂಬಲವೇ ಹೆಚ್ಚಾಗಿರಲಿಲ್ಲ. ತಮ್ಮನನ್ನು ಓದಿಸಿದಳು, ಹುಕ್ಕೇರಿಯ ಕಾಡವ್ವನೊಂದಿಗೆ ಲಗ್ನ ಮಾಡಿಸಿದಳು. ಮಾವನ ಗೊಬ್ಬರದ ಅಂಗಡಿ ನೋಡಿಕೊಳ್ಳಲು ಮಲ್ಲೇಶ ಅಲ್ಲಿಯೇ ನೆಲೆಸಿದ. ತಂದೆ ಹೋದ ಮೇಲೆ ಅವಳಿಗೆ ತನ್ನವರೆಂದು ಇದ್ದದ್ದು ಆ ಒಂದು ಮನೆ.

ಆ ಮನೆಗೇ ಅವಳು ಒಂದು ಮಾತನ್ನು ಹೇಳದೆ ಇಟ್ಟುಕೊಂಡಿದ್ದಳು.

ಕಾಯಿಲೆ ಗೊತ್ತಾದ ದಿನ ವಯಸ್ಸಿನಲ್ಲಿ ಚಿಕ್ಕವನಾದ ಡಾಕ್ಟರನೊಬ್ಬ ಸ್ಕ್ಯಾನಿನ ಚಿತ್ರವನ್ನು ಅವಳ ಮುಂದೆ ಹಿಡಿದಿದ್ದ. ಎರಡೂ ಮೂತ್ರಪಿಂಡಗಳ ತುಂಬ ನೀರುಗುಳ್ಳೆಗಳು, ದ್ರಾಕ್ಷಿಗೊಂಚಲಿನ ಹಾಗೆ. ಇದು ವಂಶದಲ್ಲಿ ಇಳಿದು ಬರುವ ರೋಗ ಎಂದ. ತಾಯಿ ಯಾವುದರಿಂದ ಸತ್ತರು ಎಂದು ಕೇಳಿದ. ತಮ್ಮನಿದ್ದರೆ ಆದಷ್ಟು ಬೇಗ ಅವನಿಗೂ ಸ್ಕ್ಯಾನ್ ಮಾಡಿಸಬೇಕು, ಮೊದಲೇ ಗೊತ್ತಾದರೆ ರಕ್ತದೊತ್ತಡವನ್ನು ಹಿಡಿತದಲ್ಲಿಟ್ಟು ರೋಗವನ್ನು ಬಹಳ ವರ್ಷ ಹಿಂದೆ ತಳ್ಳಬಹುದು ಎಂದ. ಅವಳು ಆಗಲಿ ಎಂದಳು.

ಡಾಕ್ಟರ ಹೇಳಬೇಕಾಗಿಯೇ ಇರಲಿಲ್ಲ. ಅನುವಂಶೀಯತೆಯ ಪಾಠಕ್ಕೆ ಅವಳು ಪ್ರತಿ ವರ್ಷ ಹುಣಸೆಬೀಜ ತರುತ್ತಿದ್ದಳು. ಚೌಕಾಬಾರಾ ಆಡಲು ತೇಯುವ ಹಾಗೆ ಒಂದು ಬದಿ ಬೆಳ್ಳಗೆ ತೇಯ್ದ ಬೀಜ. ಇಂಥ ರೋಗ ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬೀಜ ಒಮ್ಮೆ ಬೀಳುತ್ತದೆ: ಕಪ್ಪು ಇಲ್ಲವೆ ಬಿಳಿ. ಅಕ್ಕನದು ಕಪ್ಪು ಬಿದ್ದಿತೆಂದು ತಮ್ಮನದು ಬಿಳಿ ಬೀಳಬೇಕೆಂದಿಲ್ಲ. ಪ್ರತಿ ಬೀಜವೂ ಬೇರೆ. ಇದನ್ನು ಮೂವತ್ತು ತಂಡದ ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು ಅವಳು.

ಆದರೆ ಅದೇ ವಾರ ಮಲ್ಲೇಶ ಫೋನು ಮಾಡಿ ಮಗಳು ಶಿವಾನಿಗೆ ಒಂದು ಸಂಬಂಧ ಬಂದಿದೆ ಎಂದಿದ್ದ. ಹೆಣ್ಣು ನೋಡಲು ಬರುವವರು ಕೊಡುವುದು ಬಿಡುವುದು ಕೇಳುವ ಮೊದಲು ಮನೆತನದಲ್ಲಿ ಏನಾದರೂ ಬೇನೆ ಇದೆಯೇ ಎಂದು ಕೇಳುತ್ತಾರೆ. ಹುಚ್ಚು, ಬಿಳುಪು, ಮೂರ್ಛೆ, ಈಗ ಕಿಡ್ನಿ. ಚನ್ನವ್ವ ತಮ್ಮನಿಗೆ, ತನ್ನದು ಬಿಪಿಯಿಂದ ಆದದ್ದು ಎಂದಳು. ಸಂಬಂಧ ಗಟ್ಟಿಯಾದ ಮೇಲೆ ಹೇಳಿದರಾಯಿತು ಎಂದುಕೊಂಡಳು. ಆ ಸಂಬಂಧ ಮುರಿಯಿತು. ಇನ್ನೊಂದು ಬಂತು. ಅದೂ ಆಗಲಿಲ್ಲ, ಮತ್ತೊಂದು ಬಂತು. ಒಂದೊಂದು ಸಲದ ತಡವೂ ಒಂದೆರಡು ತಿಂಗಳಿನದೇ. ಕೂಡಿಸಿದರೆ ಎರಡು ವರ್ಷ. ಹುಡುಗಿಯ ಮೇಲಿನ ಕಕ್ಕುಲತೆಯಿಂದ ಸುಮ್ಮನಿದ್ದೇನೆ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಹೇಳಿದರೆ ಇದ್ದ ಒಂದು ಮನೆಯ ಬಾಗಿಲೂ ಮುಚ್ಚೀತು ಎಂಬ ಹೆದರಿಕೆ ಅದರ ಕೆಳಗಿತ್ತು.

ಗೋಕಾಕದ ಆಸ್ಪತ್ರೆಯಲ್ಲಿ ಅವಳ ಪಕ್ಕದ ಯಂತ್ರ ಗಫಾರನದು. ಕೊಣ್ಣೂರಿನವನು, ಅರವತ್ತರ ಹತ್ತಿರದ ಮನುಷ್ಯ, ಹತ್ತಿ ತುಂಬಿ ಗಾದಿ ಹೊಲಿಯುವವನು. ಆ ಸೀಮೆಯಲ್ಲಿ ಶಾಲೆಯ ಟೀಚರಮ್ಮನಿಗೆ ಬಾಯಿ ಎನ್ನುವುದರಿಂದ ಅವಳನ್ನು ಬಾಯಾರ ಎಂದೇ ಕರೆಯುತ್ತಿದ್ದ. ಅವನಿಗೆ ನೀರಿನ ಹಿಡಿತವಿರಲಿಲ್ಲ. ಪ್ರತಿ ಸಲ ನಾಲ್ಕು ಕಿಲೋ ಏರಿಸಿಕೊಂಡು ಬಂದು ನರ್ಸಮ್ಮನಿಂದ ಬೈಸಿಕೊಳ್ಳುತ್ತಿದ್ದ. ಬೈದು ಮುಗಿದ ಮೇಲೆ ಚನ್ನವ್ವನ ಕಡೆ ತಿರುಗಿ, “ಹತ್ತಿ ನೀರ ಕುಡದ್ರ ಬಿಸಲಿಗೆ ಹಾಕ್ತೀನ್ರಿ ಬಾಯಾರ. ನನ್ನ ಎಲ್ಲಿ ಹಾಕಲಿ?” ಎನ್ನುತ್ತಿದ್ದ. ವಾರಕ್ಕೆ ಎಂಟು ತಾಸು ಮಗ್ಗುಲಲ್ಲಿ ಮಲಗುವ ಇಬ್ಬರು. ಒಬ್ಬರ ಮನೆಯನ್ನು ಇನ್ನೊಬ್ಬರು ನೋಡಿರಲಿಲ್ಲ. ಅವಳು ಸಲೀಸಾಗಿ ಮಾತಾಡುತ್ತಿದ್ದದ್ದು ಅವನೊಬ್ಬನ ಜೊತೆ.

ಫೆಬ್ರವರಿಯ ಒಂದು ಶನಿವಾರ ಮಲ್ಲೇಶ ಹೇಳದೆ ಕೇಳದೆ ಅಲ್ಲಿಗೆ ಬಂದ. ಶಿವಾನಿಯ ಲಗ್ನ ಸಂಕೇಶ್ವರದ ಒಂದು ಮನೆಯಲ್ಲಿ ಗೊತ್ತಾಗಿತ್ತು. ಬಸವ ಜಯಂತಿಯ ಆಚೆಗೆ ಮುಹೂರ್ತ. ಅದನ್ನು ಹೇಳಲೆಂದೇ ಬಂದಿದ್ದ. ಅಕ್ಕ ಯಂತ್ರದಲ್ಲಿರುವುದನ್ನು ಅವನು ಅದುವರೆಗೆ ನೋಡಿರಲಿಲ್ಲ. ಅವಳ ಎಡಗೈಯಿಂದ ಒಂದು ನಳಿಗೆಯಲ್ಲಿ ರಕ್ತ ಹೊರಗೆ ಹೋಗಿ ಇನ್ನೊಂದರಲ್ಲಿ ತಿರುಗಿ ಬರುವುದನ್ನು ನೋಡುತ್ತ ನಿಂತ. ಲಗ್ನದ ಸುದ್ದಿ ಹೇಳುವುದನ್ನು ಮರೆತ. ಸ್ಟೂಲು ಎಳೆದುಕೊಂಡು ಕುಳಿತ.

“ಅಕ್ಕಾ, ನಂದೊಂದ ತೊಗೊ. ಮನಶಾಗ ಒಂದಿದ್ರ ಸಾಕಂತ. ಸೋಮವಾರ ಬೆಳಗಾಂವಿಗೆ ಹೋಗಿ ತಪಾಸಣಿ ಮಾಡಿಸ್ಕೊಂಡ ಬರ್ತೀನಿ.”

“ಮನ್ಯಾಗ ಕೇಳೀದಿ?”

“ಕೇಳಾಕ ಏನೈತಿ? ನೀ ಸಾಕಿದ ಮೈ ಇದು.”

ಹೀಗೆಂದು ಕತ್ತಿನ ಹಿಂಭಾಗವನ್ನು ಒತ್ತಿಕೊಂಡ. ಬಂದಾಗಿನಿಂದ ಅವನು ಮೂರು ಸಲ ಅಲ್ಲಿ ಒತ್ತಿಕೊಂಡದ್ದನ್ನು ಅವಳು ನೋಡಿದ್ದಳು. ತಲೆನೋವೇ ಎಂದು ಕೇಳಿದಳು. ಬಿಸಿಲಿಗೆ, ಸಂಕೇಶ್ವರದಲ್ಲಿ ಗೊತ್ತಾದ ಶಿವಾನಿಯ ಲಗ್ನದ ಓಡಾಟಕ್ಕೆ, ಎಂದ. ಅವಳು ನೋಡೋಣ ಎಂದಷ್ಟೇ ಹೇಳಿ ಕಳಿಸಿದಳು.

ಅವನು ಹೋದ ಮೇಲೆ ಗಫಾರ ತಡೆಯಲಿಲ್ಲ. “ಇಂಥಾ ತಮ್ಮ ಸಿಕ್ಕಿದ್ರ ನಾ ಸೂಜಿ ಕಿತ್ಕೊಂಡ ಎದ್ದ ಕುಣಿತಿದ್ದೆ. ನೀವ್ ನೋಡಿದ್ರ ಯಾರೋ ಸತ್ತ ಸುದ್ದಿ ಕೇಳಿದಂಗ ಮಾರಿ ಮಾಡೀರಿ.”

ಚನ್ನವ್ವ ಅವನಿಗೆ ಎಲ್ಲವನ್ನೂ ಹೇಳಿದಳು. ಅವನಿಗೆ ಹುಕ್ಕೇರಿಯಲ್ಲಿ ಯಾರೂ ಪರಿಚಯವಿರಲಿಲ್ಲ, ಅದಕ್ಕೇ ಹೇಳುವುದು ಸುಲಭವಾಯಿತು. ಗುಳ್ಳೆ, ತಾಯಿ, ಡಾಕ್ಟರ ಹೇಳಿದ್ದು, ತಾನು ಹೇಳದೆ ಬಿಟ್ಟದ್ದು. ಪಾಠ ಒಪ್ಪಿಸುವ ಹಾಗೆ ಕ್ರಮವಾಗಿ ಹೇಳಿದಳು. ಗಫಾರ ಮೇಲಿನ ಫ್ಯಾನು ನೋಡುತ್ತ ಕೇಳಿದ. ಈ ಸಲ ಚೇಷ್ಟೆ ಮಾಡಲಿಲ್ಲ.

“ಸೋಮವಾರ ಆ ಸ್ಕ್ಯಾನ ಮಶಿನ್ ಹೇಳೇ ಹೇಳತೈತಿ,” ಎಂದ ಕೊನೆಗೆ. “ಅದ ಹೇಳೂಕಿಂತ ಮೊದಲ ನೀವ್ ಹೇಳ್ರಿ, ಬಾಯಾರ.”

ಮರುದಿನ ರವಿವಾರ. ಸ್ಕ್ಯಾನಿನ ವರದಿ ಮತ್ತು ಬಿಪಿ ನೋಡುವ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಅವಳು ಬೆಳಗಿನ ಬಸ್ಸು ಹತ್ತಿದಳು. ಘಟಪ್ರಭಾದಲ್ಲಿ ಬಸ್ಸು ಬದಲಿಸಿದಳು. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯನ್ನೆಲ್ಲ ಹಿಡಿದಿದ್ದವು. ಒಂದರ ಹಿಂದೆ ಒಂದು ಎರಡೆರಡು ಟ್ರೇಲರು ಎಳೆಯುತ್ತಿದ್ದವು, ದಾಟಿ ಹೋಗಲು ಜಾಗವಿರಲಿಲ್ಲ. ಹುಕ್ಕೇರಿ ಮುಟ್ಟಲು ತಡವಾದಷ್ಟೂ ಒಳ್ಳೆಯದೆಂದು ತನಗೆ ಅನ್ನಿಸುತ್ತಿರುವುದನ್ನು ಅವಳು ಗಮನಿಸಿದಳು. ನಾಚಿಕೆಯಾಯಿತು. ಹೇಳಬೇಕಾದ ವಾಕ್ಯಗಳನ್ನು ಮತ್ತೆ ಮೊದಲಿನಿಂದ ಜೋಡಿಸಿಕೊಂಡಳು.

ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಮನೆ. ಪಡಸಾಲೆಯ ತುಂಬ ಸೀರೆಯ ಪೆಟ್ಟಿಗೆಗಳು. ಶಿವಾನಿ ಕುಪ್ಪಸ ಹೊಲಿಯಲು ಕೊಡಲೆಂದು ಹೊರಗೆ ಹೋಗಿದ್ದಳು. ಕಾಡವ್ವ ಒಂದು ತಟ್ಟೆಯಲ್ಲಿ ಬೆಲ್ಲದ ಚೂರು ತಂದು ಮುಂದಿಟ್ಟಳು. ಜೊತೆಗೆ ನೀರಿರಲಿಲ್ಲ.

“ನೀರ ತರಲಿಲ್ರಿ ಅಕ್ಕಾರ. ಬ್ಯಾಡ ಅನಸ್ಕೊಂಡ ನಿಮಗೂ ಬ್ಯಾಸರ, ನಮಗೂ ಬ್ಯಾಸರ.”

ಎರಡು ವರ್ಷದಲ್ಲಿ ಅವಳಿಂದ ಬೇಡ ಎನ್ನಿಸದ ಮನೆ ಅದೊಂದೇ. ಬೆಲ್ಲವೂ ಅವಳ ಪಥ್ಯಕ್ಕೆ ಸರಿಹೋಗುವುದಲ್ಲ. ಆದರೂ ತಿಂದಳು. ಕಾಡವ್ವನ ಕಣ್ಣು ಕೆಂಪಗಿತ್ತು. ಮಲ್ಲೇಶ ಅಂಗಡಿಯಿಂದ ಮೇಲೆ ಬರುವಷ್ಟರಲ್ಲಿ ಅವಳು ತಗ್ಗಿದ ದನಿಯಲ್ಲಿ, ಗಂಡ ಹಟ ಹಿಡಿದಿದ್ದಾನೆ, ತಾನು ಬೇಡವೆನ್ನುವುದಿಲ್ಲ, ಮಗಳ ಲಗ್ನವೊಂದು ಮುಗಿಯಲಿ ಎನ್ನುತ್ತೇನೆ ಎಂದಳು. ಹೇಳುವಾಗ ಸೆರಗಿನ ಅಂಚನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು.

ಮಲ್ಲೇಶ ಬಂದು ಕುಳಿತ. ಚನ್ನವ್ವ ಮೊದಲು ಅವನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ನೂರ ಎಪ್ಪತ್ತಾರು, ಕೆಳಗೆ ನೂರ ಹನ್ನೆರಡು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದಳು. ಎರಡು ಅಂಕಿ ಇಳಿದಿತ್ತು, ಅಷ್ಟೇ. ಆಮೇಲೆ ವರದಿ ತೆಗೆದು ಅವರ ಮುಂದೆ ಹಾಸಿದಳು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳು ಬೇಕಾಗಲಿಲ್ಲ. ತನ್ನ ರೋಗ ಬಿಪಿಯಿಂದ ಬಂದದ್ದಲ್ಲ, ರೋಗದಿಂದ ಬಿಪಿ ಬಂದದ್ದು. ಅದು ತಾಯಿಯಿಂದ ಬಂದಿದೆ. ಅವನಿಗೂ ಇರಬಹುದು, ಇಲ್ಲದೆಯೂ ಇರಬಹುದು, ಎರಡಕ್ಕೂ ಸಮ ಸಮ. ಆದರೆ ನಲವತ್ತಾರು ವರ್ಷದವನಿಗೆ ಈ ಒತ್ತಡ, ಈ ತಲೆನೋವು ನೋಡಿದರೆ ತನಗೆ ಅನುಮಾನ. ಅವನು ಕಿಡ್ನಿ ಕೊಡುವ ಮಾತು ಬಿಟ್ಟು ತನ್ನದನ್ನು ಉಳಿಸಿಕೊಳ್ಳಲು ನೋಡಬೇಕು. ಹೀಗೆ ಹೇಳಿ ನಿಲ್ಲಿಸಿದಳು.

“ಅವ್ವಂದೂ ಇದಽ ಏನ?” ಎಂದ ಮಲ್ಲೇಶ.

“ಹೂಂ. ಅವ್ವಂದೂ ಇದಽ.”

“ನಿನಗ ಯಾವಾಗ ಗೊತ್ತಾತು?”

“ಎರಡ ವರ್ಷ ಆತು.”

ಮಲ್ಲೇಶ ತೋಳಿನ ಪಟ್ಟಿಯನ್ನು ತಾನೇ ಬಿಚ್ಚಿದ. ಸುಕ್ಕು ತೆಗೆದು, ಮಡಚಿ, ಪೆಟ್ಟಿಗೆಯಲ್ಲಿಟ್ಟ. ಅಂಗಡಿಯಲ್ಲಿ ಗಿರಾಕಿ ಕರೆಯುತ್ತಿದ್ದುದು ಕೇಳಿಸಿತು. ಅವನು ಏಳಲಿಲ್ಲ. ಕಾಡವ್ವ ಮಾತ್ರ ಒಂದೊಂದೇ ಪ್ರಶ್ನೆ ಕೇಳಿದಳು. ಎರಡು ವರ್ಷದ ಹಿಂದೆ ಗೊತ್ತಾಗಿದ್ದರೆ ಏನು ಮಾಡಬಹುದಿತ್ತು? ಗುಳಿಗೆ ಕೊಟ್ಟು ಒತ್ತಡ ಇಳಿಸಬಹುದಿತ್ತು, ಉಪ್ಪು ಕಡಿಮೆ ಮಾಡಬಹುದಿತ್ತು, ಆರು ತಿಂಗಳಿಗೊಮ್ಮೆ ರಕ್ತ ನೋಡಿಸಬಹುದಿತ್ತು. ಅದರಿಂದ ಏನಾಗುತ್ತಿತ್ತು? ಈ ಎರಡು ವರ್ಷದಲ್ಲಿ ಹಾಳಾದದ್ದರಲ್ಲಿ ಒಂದಷ್ಟು ಉಳಿಯುತ್ತಿತ್ತು. ಚನ್ನವ್ವ ಯಾವುದನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವುದು ಮೊದಲೇ ಸಾಕಷ್ಟು ಆಗಿತ್ತು.

“ಅಂದ್ರ ಆ ಗುಳಿಗಿ ಎರಡ ವರ್ಷ ನೀವ್ ತಿಂದ್ರಿ, ಇವರು ತಿನ್ನಲಿಲ್ಲ,” ಎಂದಳು ಕಾಡವ್ವ.

ಚನ್ನವ್ವ ಹೌದೆಂದಳು. ಆಮೇಲೆ, ಮಲ್ಲೇಶನಿಗೆ ಇದ್ದರೆ ಶಿವಾನಿಗೂ ಇರುವ ಸಂಭವ ಅಷ್ಟೇ ಇದೆ, ಅವಳಿಗೂ ಹೇಳಬೇಕು ಎಂದಳು. ಆಗ ಕಾಡವ್ವನ ಮುಖದ ಬಣ್ಣ ಹೋಯಿತು. ಸೀರೆಯ ಪೆಟ್ಟಿಗೆಗಳ ಕಡೆ ಒಮ್ಮೆ ನೋಡಿದಳು. ದನಿ ಮಾತ್ರ ಏರಲಿಲ್ಲ.

“ನೀವು ಎರಡ ವರ್ಷ ಸುಮ್ಮನಿದ್ರಿ, ಅಕ್ಕಾರ. ಇನ್ನ ಎರಡ ತಿಂಗಳ ಸುಮ್ಮನಿರಾಕ ನಿಮಗೇನ ತ್ರಾಸ?”

ಚನ್ನವ್ವ ವರದಿಯನ್ನು ಮಡಚಿ ಚೀಲದಲ್ಲಿಟ್ಟಳು. ಊಟಕ್ಕೆ ಯಾರೂ ಏಳೆನ್ನಲಿಲ್ಲ. ಬಿಪಿಯ ಯಂತ್ರವನ್ನು ಅಲ್ಲಿಯೇ ಬಿಟ್ಟು, ದಿನಕ್ಕೆರಡು ಸಲ ನೋಡಿ ಬರೆದಿಡಬೇಕು, ನಾಳೆ ತಪ್ಪದೆ ಬೆಳಗಾವಿಗೆ ಹೋಗಬೇಕು ಎಂದು ಹೇಳಿ ಅವಳು ಎದ್ದಳು. ತಮ್ಮ ತಲೆ ಎತ್ತಲಿಲ್ಲ.

ಮೆಟ್ಟಿಲ ಕೆಳಗೆ ಶಿವಾನಿ ಸ್ಕೂಟಿ ನಿಲ್ಲಿಸುತ್ತಿದ್ದಳು. ಇಪ್ಪತ್ತಮೂರರ ಹುಡುಗಿ, ಊರಿನ ಪತ್ತಿನ ಸಂಘವೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅತ್ತೆ ಉಣ್ಣದೆ ಹೊರಟದ್ದನ್ನು ನೋಡಿ ಹಿಂದೆ ಕೂಡಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಟ್ಟಳು. ಬಿಟ್ಟು ಹೋಗಲಿಲ್ಲ. ಬಾಜೂ ಕುಳಿತು, ಮನೆಯಲ್ಲಿ ಏನಾಯಿತು ಎಂದು ಕೇಳಿದಳು.

ನಿಮ್ಮ ಅಪ್ಪನನ್ನು ಕೇಳು ಎಂದು ಚನ್ನವ್ವ ಹೇಳಬಹುದಿತ್ತು. ಬಸ್ಸು ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಅಪ್ಪ ಹೇಳುವುದಿಲ್ಲ, ಅವ್ವ ಹೇಳಗೊಡುವುದಿಲ್ಲ, ಹುಡುಗಿ ಇನ್ನೊಂದು ಮನೆ ಸೇರಿ ಮಕ್ಕಳನ್ನು ಹೆತ್ತ ಮೇಲೆ ಯಾವನೋ ಡಾಕ್ಟರ ಚಿತ್ರ ಹಿಡಿದು ತೋರಿಸುತ್ತಾನೆ. ಹಾಗೆ ತಿಳಿಯುವುದು ಹೇಗಿರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹೇಳಿದಳು. ತರಗತಿಯಲ್ಲಿ ಹೇಳುವುದಕ್ಕಿಂತ ನಿಧಾನವಾಗಿ, ಒಂದೂ ಬಿಡದೆ ಹೇಳಿದಳು. ತಾನು ಎರಡು ವರ್ಷ ಸುಮ್ಮನಿದ್ದದ್ದನ್ನೂ ಹೇಳಿದಳು.

ಶಿವಾನಿ ಕೊನೆಗೆ ಎರಡು ಪ್ರಶ್ನೆ ಕೇಳಿದಳು. ಈಗಲೇ ಗೊತ್ತಾಗುತ್ತದೆಯೇ ಎಂಬುದು ಮೊದಲನೆಯದು. ಸ್ಕ್ಯಾನಿನಲ್ಲಿ ಕಂಡರೆ ಇದೆ ಎಂದೇ ಅರ್ಥ, ಈ ವಯಸ್ಸಿನಲ್ಲಿ ಕಾಣದಿದ್ದರೆ ಇಲ್ಲವೇ ಇಲ್ಲ ಎಂದು ಹೇಳಲಾಗದು ಎಂದು ಚನ್ನವ್ವ ಹೇಳಿದಳು.

“ಸಂಕೇಶ್ವರದಾವರಿಗೆ ನಾ ಇದನ್ನ ಹೇಳಬೇಕೇನ, ಅತ್ತಿ?”

“ಅದನ್ನ ನಾ ಹೇಳಾಂಗಿಲ್ಲ. ನಿನಗ ಗೊತ್ತಿರಲಿ ಅಂತ ಹೇಳ್ದೆ. ಮುಂದಿಂದು ನಿಂದು.”

ಬಸ್ಸು ಬಂತು. ಕಿಟಕಿಯಿಂದ ನೋಡಿದಾಗ ಹುಡುಗಿ ಅದೇ ಸಿಮೆಂಟು ಬೆಂಚಿನ ಮೇಲೆ ಕುಳಿತಿದ್ದಳು, ಸ್ಕೂಟಿಯ ಕೀಲಿಕೈ ಮುಷ್ಟಿಯಲ್ಲಿತ್ತು.

ಮಲ್ಲೇಶ ಸೋಮವಾರ ಬೆಳಗಾವಿಗೆ ಹೋದ. ಎರಡೂ ಬದಿಗೆ ಗುಳ್ಳೆಗಳು. ಮೂತ್ರಪಿಂಡಗಳ ಕೆಲಸದ ಶಕ್ತಿ ಅರ್ಧಕ್ಕಿಂತ ತುಸು ಹೆಚ್ಚು ಉಳಿದಿತ್ತು. ಡಾಕ್ಟರು ಗುಳಿಗೆ ಬರೆದುಕೊಟ್ಟರು. ಶಿವಾನಿಯ ಸ್ಕ್ಯಾನಿನಲ್ಲಿ ಸದ್ಯಕ್ಕೆ ಏನೂ ಕಾಣಲಿಲ್ಲ. ಆದರೂ ಅವಳು ಸಂಕೇಶ್ವರದ ಹುಡುಗನಿಗೆ ತಾನೇ ಫೋನು ಮಾಡಿ ಇದ್ದದ್ದನ್ನು ಹೇಳಿದಳು. ಅವನು ಮನೆಯಲ್ಲಿ ಮಾತಾಡಿ ಹೇಳುತ್ತೇನೆ ಎಂದ. ಹತ್ತು ದಿನದ ಮೇಲೆ ಹಿರಿಯರೊಬ್ಬರ ಮೂಲಕ, ಸದ್ಯ ಬೇಡ, ದಸರೆ ಆದ ಮೇಲೆ ನೋಡೋಣ ಎಂಬ ಮಾತು ಬಂತು. ಆ ಸೀಮೆಯಲ್ಲಿ ಅದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮಲ್ಲೇಶ ಒಮ್ಮೆ ಫೋನು ಮಾಡಿದ. ಸಿಟ್ಟಿನಿಂದ ಮಾತಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು. “ನೀ ಮಾಡಿದ್ದು ಖರೆ ಇರಬಹುದಕ್ಕಾ. ಆದ್ರ ನಿನ್ನ ನೋಡಿದ್ರ ನನಗ ನನ್ನ ಮುಂದಿನ ಗತಿ ಕಾಣತೈತಿ. ಸ್ವಲ್ಪ ದಿನ ಬರಬ್ಯಾಡ,” ಎಂದ. ಅವಳು ಆಗಲಿ ಎಂದಳು. ಎಷ್ಟು ದಿನ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಗಫಾರ ಮುಂದಿನ ಬುಧವಾರ ವಿಚಾರಿಸಿದ. ಅವಳು ಹೇಳಿದಳು. ಅವನು, ತನಗೆ ಅಂತೂ ಯಾರೂ ಕೊಡುತ್ತೇನೆ ಎಂದಿಲ್ಲ, ಹೀಗಾಗಿ ಯಾರೂ ಸಿಟ್ಟೂ ಆಗಿಲ್ಲ ಎಂದ. ಇಬ್ಬರೂ ನಗಲಿಲ್ಲ. ಅಂದು ಅವನ ತೂಕ ಐದು ಕಿಲೋ ಏರಿತ್ತು, ನರ್ಸಮ್ಮ ಬೈಯುವುದನ್ನೂ ಬಿಟ್ಟಿದ್ದಳು.

ಏಪ್ರಿಲಿನಲ್ಲಿ ಪರೀಕ್ಷೆಗಳು ಮುಗಿದು ಶಾಲೆಗೆ ಸೂಟಿ ಬಿದ್ದಿತು. ಚನ್ನವ್ವನಿಗೆ ವಾರದಲ್ಲಿ ಐದು ದಿನ ಮಾತಾಡಲು ಯಾರೂ ಇಲ್ಲದಂತಾಯಿತು. ಮಗ್ಗುಲ ಮನೆಯಲ್ಲಿ ಟಿವಿ ಹಚ್ಚಿದಾಗ ಮನುಷ್ಯರ ದನಿ ಕೇಳುತ್ತಿತ್ತು. ಅಂಥ ಒಂದು ರವಿವಾರ ಬೆಳಿಗ್ಗೆ ಮಲ್ಲೇಶನ ನಂಬರಿನಿಂದ ಅವಳ ಮೊಬೈಲಿಗೆ ಒಂದು ಸಂದೇಶ ಬಂತು. 152/98. ಬೇರೆ ಒಂದಕ್ಷರವಿಲ್ಲ. ಅವಳು ಬಹಳ ಹೊತ್ತು ಅದನ್ನು ನೋಡಿದಳು. ಏನು ಬರೆದರೂ ತಪ್ಪಾದೀತು ಎಂದು ಏನೂ ಬರೆಯಲಿಲ್ಲ. ಮುಂದಿನ ರವಿವಾರ 146/94. ಅದರ ಮುಂದಿನದು 140/90. ಪ್ರತಿ ವಾರವೂ ಬರತೊಡಗಿತು. ಆ ಅಂಕಿಗಳ ಹಿಂದೆ ತಮ್ಮ ಬೆಳಿಗ್ಗೆ ಎದ್ದು, ತೋಳು ಚಾಚಿ, ಉಸಿರು ಬಿಗಿಹಿಡಿಯದೆ ಕುಳಿತಿರುವುದು ಅವಳ ಕಣ್ಣಿಗೆ ಕಾಣುತ್ತಿತ್ತು. ಮನೆಯ ಬೇರೆ ಯಾವ ಸುದ್ದಿಯೂ ಅವಳಿಗೆ ಬರುತ್ತಿರಲಿಲ್ಲ. ಶಿವಾನಿಗೆ ಬೇರೆ ಸಂಬಂಧ ಬಂದಿದೆಯೇ, ಮಳೆಗಾಲಕ್ಕೆ ಅಂಗಡಿಯಲ್ಲಿ ಗೊಬ್ಬರ ಬಂದಿದೆಯೇ, ಯಾವುದೂ ಇಲ್ಲ. ಒತ್ತಡ ಮಾತ್ರ.

ಜೂನಿನ ಒಂದು ರವಿವಾರ 164/102 ಎಂದು ಬಂತು. ಅವಳು ಹತ್ತು ನಿಮಿಷ ತಡೆದಳು. ಆಮೇಲೆ, ಬರಬೇಡ ಎಂದಿದ್ದಾನೆಯೇ ಹೊರತು ಮಾತಾಡಬೇಡ ಎಂದಿಲ್ಲ ಎಂದುಕೊಂಡು ಫೋನು ಮಾಡಿದಳು. ಎತ್ತಿದವಳು ಕಾಡವ್ವ.

“ನಿನ್ನೆ ಮದವಿ ಮನ್ಯಾಗ ಉಂಡ ಬಂದಾರ್ರಿ. ಹಪ್ಪಳ, ಉಪ್ಪಿನಕಾಯಿ ಎಲ್ಲಾ ತಿಂದಾರ. ಎರಡ ಸಲ ನೋಡೀನಿ, ಅಷ್ಟಽ ಬಂತು.”

ಚನ್ನವ್ವನಿಗೆ ಆಗ ತಿಳಿಯಿತು, ಪ್ರತಿ ವಾರ ಕಳಿಸುತ್ತಿದ್ದವಳು ಯಾರು ಎಂದು. ತಮ್ಮ ಎಂದುಕೊಂಡಿದ್ದಳು. ಬಳಿಕ, ಗುಳಿಗೆ ತಪ್ಪಿಸಿದ್ದಾನೆಯೇ, ಕಾಲು ಬಾತಿದೆಯೇ, ತಲೆನೋವಿದೆಯೇ ಎಂದು ಕೇಳಿದಳು. ಕಾಡವ್ವ ಒಂದೊಂದಕ್ಕೂ ಇಲ್ಲ ಎಂದಳು. ಸಂಜೆ ಇನ್ನೊಮ್ಮೆ ನೋಡು, ಇಳಿಯದಿದ್ದರೆ ನಾಳೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದು ಚನ್ನವ್ವ ಹೇಳಿದಳು.

“ಅವರಿಗೆ ನಾ ಕಳಸ್ತೀನಂತ ಗೊತ್ತಿಲ್ರಿ,” ಎಂದಳು ಕಾಡವ್ವ. “ಇಡ್ತೀನ್ರಿ ಅಕ್ಕಾರ.”

ಸಂಜೆ ಏಳಕ್ಕೆ 148/92 ಎಂದು ಬಂತು. ಫೋನು ಇನ್ನೂ ಕಾಡವ್ವನ ಕೈಯಲ್ಲಿರುವಾಗಲೇ ಚನ್ನವ್ವ ಅದಕ್ಕೆ, “ಸರಿ. ಇದೇ ಗುಳಿಗಿ ಮುಂದುವರಿಸು,” ಎಂದು ಉತ್ತರ ಬರೆದಳು. ಓದಿದ ಗುರುತು ಬಿತ್ತು. ತಿರುಗಿ ಏನೂ ಬರಲಿಲ್ಲ.